ಮುಜಫ್ಫರ ಸರ್ ಅವರ ಏಳು ಪಿರಿಯಡ್

ಕಾಲೇಜಿಗೆ ಬರುತ್ತಲೇ ಮುಜಫ್ಫರನ ಕೈಗೆ ಒಂದು ಕಾರ್ಡು ಸಿಕ್ಕಿತು. ಧಾರವಾಡದಿಂದ ಬಂದದ್ದು, ಎರಡೇ ಸಾಲು. 'ಗುರುವಾರ ನಿಮ್ಮ ಕಾಲೇಜಿಗೆ ಬರುತ್ತೇನೆ. ಮಹತ್ವದ ಮಾತಿದೆ.' ಕೆಳಗೆ ಪಿಎಚ್.ಡಿ. ಗೈಡ್ ಅಮೋಘಸಿದ್ದಪ್ಪನವರ ಸಹಿ. ಅಂದು ಗುರುವಾರವೇ ಆಗಿತ್ತು.

ಬೈಲಹೊಂಗಲದ ಆ ಕಾಲೇಜಿನಲ್ಲಿ ಮುಜಫ್ಫರ ಇತಿಹಾಸದ ಅರೆಕಾಲಿಕ ಉಪನ್ಯಾಸಕ. ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳೇ ವಾಡೆಗಳ, ಅಂದರೆ ಸಂಸ್ಥಾನಿಕರ ದೊಡ್ಡ ಮನೆಗಳ ಮೇಲೆ ಸಂಶೋಧನೆ ಮಾಡುತ್ತೇನೆಂದು ಹೆಸರು ಹಚ್ಚಿ ಎರಡು ವರ್ಷವಾಗಿತ್ತು. ವಾರಕ್ಕೆ ಹದಿನಾರು ಪಿರಿಯಡ್, ರವಿವಾರ ಉತ್ತರಪತ್ರಿಕೆ. ವಾಡೆಗಳು ಇದ್ದಲ್ಲೇ ಇದ್ದವು, ಇವನೂ ಇದ್ದಲ್ಲೇ ಇದ್ದ. ಈಗೀಗ ವಾಡೆ ಬಿಟ್ಟು ಇದೇ ಊರಿನ ಬಾವಿಗಳ ಮೇಲೆ ಬರೆದರೆ ಹೇಗೆ ಎಂಬ ಯೋಚನೆ ಹತ್ತಿತ್ತು.

"ಸುಮ್ನ ವಿಷಯ ಬದಲಿ ಮಾಡ್ರಿ ಅಂದ್ರ ಸರ್ ಬೈತಾರ," ಎಂದ ಲಗಮಣ್ಣ. ಅವನೂ ಇತಿಹಾಸದ ಅರೆಕಾಲಿಕನೇ. "ನಿನ್ನ ಮ್ಯಾಲೆ ಎಷ್ಟ ಭಾರ ಐತಿ ಅನ್ನೂದು ಅವರ ಕಣ್ಣಿಗಿ ಬೀಳಬೇಕು. ಇವತ್ತೊಂದಿನ ನನ್ನ ಎರಡು ಪಿರಿಯಡ್ ನೀನ ತೊಗೊ."

ಅರ್ಥಶಾಸ್ತ್ರದ ರೇಣು ಮ್ಯಾಡಮ್ ತಲೆಯೆತ್ತಿದರು. "ನಂದೂ ಒಂದು ಇಟಗೊಳ್ರಿ ಸರ್. ನಿಮ್ಮ ಸಲುವಾಗಿ ನಾ ಸ್ವೆಟರ್ ಹೆಣಕೋತ ಕುಂದರತೇನಿ."

ಆಟದ ಮಾಸ್ತರ ಭೀಮಶಿ ತನ್ನ ಕವಾಯತನ್ನೂ ದಾನ ಮಾಡಿದ. ಮುಜಫ್ಫರನ ಸ್ವಂತದ ಮೂರು ಸೇರಿ ಒಟ್ಟು ಏಳಾಯಿತು.

ಗೈಡ್ ಬಂದಾಗ ಅವನು ಅರ್ಥಶಾಸ್ತ್ರದಲ್ಲಿ ಮುಳುಗೇಳುತ್ತಿದ್ದ. ಸೇಂಗಾದ ದರ ಏರಿದರೆ ಬೇಡಿಕೆಯೂ ಏರುತ್ತದೆ ಎಂದುಬಿಟ್ಟಿದ್ದ.

"ಸರ್, ನಿನ್ನೆ ಮ್ಯಾಡಮ್ ಉಲ್ಟಾ ಹೇಳಿದ್ರು," ಎಂದಳು ಒಬ್ಬಳು.

"ನಿನ್ನಿ ಪ್ಯಾಟಿ ಬ್ಯಾರೆ ಇತ್ತವಾ."

ಹುಡುಗರು ಬೆಂಚು ಬಡಿದು ನಕ್ಕರು. ಕಿಟಕಿಯ ಆಚೆ ಅಮೋಘಸಿದ್ದಪ್ಪನವರೂ ನಕ್ಕಂತಾಯಿತು. ಮುಜಫ್ಫರನಿಗೆ ಹುರುಪು ಏರಿತು. ಅಲ್ಲಿಂದ ಮುಂದೆ ಅವನು ಬೆಲ್ಲದ ವಾಸನೆ ಹಿಡಿದ ಇರುವೆಯಂತೆ ಕ್ಲಾಸಿನಿಂದ ಕ್ಲಾಸಿಗೆ ಓಡಿದ. ಲಗಮಣ್ಣನ ಕ್ಲಾಸಿನಲ್ಲಿ ಪಾಣಿಪತ್ ಯುದ್ಧವನ್ನು ಡಸ್ಟರು, ಕೊಡೆ ಹಿಡಿದು ತಾನೊಬ್ಬನೇ ಕಾದಿದ. ಮೈದಾನದಲ್ಲಿ 'ಎಡಕ್ಕೆ ತಿರುಗು' ಎಂದು ಕೂಗಿ ತಾನು ಬಲಕ್ಕೆ ತಿರುಗಿದ. ನಲವತ್ತು ಹುಡುಗರು ಅವನನ್ನೇ ಹಿಂಬಾಲಿಸಿ ನೇರ ಕ್ಯಾಂಟೀನಿಗೆ ನುಗ್ಗಿದರು. ಗೈಡ್ ಎಲ್ಲವನ್ನೂ ನೋಡುತ್ತಲೇ ಇದ್ದರು. ಏಳನೆಯ ಪಿರಿಯಡ್ ಮುಗಿದಾಗ ಮುಜಫ್ಫರನ ದನಿ ಎಣ್ಣೆ ಕಾಣದ ರಾಟೆಯಾಗಿತ್ತು.

ಸ್ಟಾಫ್‌ರೂಮಿನಲ್ಲಿ ಅವನು ಪಿಸುಗುಟ್ಟಿದ. "ಸರ್, ನೀವ ನೋಡಿದ್ರಲ್ಲ. ಊರೂರು ತಿರಗಾಕ ಟೈಮ್ ಎಲ್ಲೈತ್ರಿ? ವಾಡೆ ಬಿಟ್ಟು ಇಲ್ಲೀ ಬಾವಿಗೋಳ ಮ್ಯಾಲೆ ಬರೀತೇನ್ರಿ."

"ಆತು, ಬರೀರಿ," ಎಂದು ಅಮೋಘಸಿದ್ದಪ್ಪನವರು ಅರ್ಜಿಗೆ ಅಲ್ಲೇ ಸಹಿ ಹಾಕಿದರು. ಅವರ ಕಣ್ಣುಗಳು ತೇವವಾಗಿದ್ದವು.

ಮುಜಫ್ಫರನಿಗೆ ಕುಣಿಯುವಷ್ಟು ಸಂತೋಷವಾಯಿತು. "ಮಹತ್ವದ ಮಾತು ಏನೋ ಇತ್ತಲ್ರಿ ಸರ್?"

"ಇತ್ತು. ವಾಡೆಗಳ ಮ್ಯಾಲೆ ನನಗೊಂದು ಪ್ರಾಜೆಕ್ಟ್ ಸಿಕ್ಕೈತಿ. ಎರಡು ವರ್ಷ ಪಗಾರ, ತಿರಗಾಕ ಜೀಪು. ಪಾಠ ಮಾಡೂ ಗೊಡವಿನ ಇಲ್ಲ. ನಿಮ್ಮನ್ನ ಕರಕೊಂಡು ಹೋಗಾಕ ಬಂದಿದ್ದೆ." ಅವರು ಕನ್ನಡಕ ಒರೆಸಿಕೊಂಡರು. "ಇವತ್ತು ನಿಮ್ಮ ಪಾಠ ನೋಡಿದ ಮ್ಯಾಲೆ ಮನಸಾಗಲಿಲ್ಲ. ನಿಮ್ಮನ್ನ ಒಯ್ದರ ಈ ಹುಡುಗರಿಗಿ ಅನ್ಯಾಯ ಆಕ್ಕೈತಿ. ಅದಕ್ಕ ಲಗಮಣ್ಣ ಅವರನ್ನ ಕೇಳಿದೆ. ಪಾಪ, ಮುಂಜಾನಿಂದ ಅವರಿಗಿ ಒಂದೂ ಪಿರಿಯಡ್ ಇದ್ದಂಗ ಕಾಣಲಿಲ್ಲ. ಹೂಂ ಅಂದಾರ."

ಅಷ್ಟರಲ್ಲಿ ಪ್ರಿನ್ಸಿಪಾಲರು ಒಳಬಂದರು. "ಲಗಮಣ್ಣನ ಕ್ಲಾಸಿನ ಚಿಂತಿ ಬ್ಯಾಡ್ರಿ ಸರ್. ಎಲ್ಲಾ ಮುಜಫ್ಫರ ಅವರ ಹೆಸರಿಗೆ ಹಾಕೇನಿ. ಏನ್ರಿ, ಒಪ್ಪಿಗಿ ಐತೆಲ್ಲ?"

ಮುಜಫ್ಫರ ಇಲ್ಲವೆನ್ನಲು ಬಾಯಿ ತೆರೆದ. ಗಾಳಿಯಷ್ಟೇ ಹೊರಬಂತು.

"ಭಾಳ ಸಂತೋಷ," ಎಂದು ಪ್ರಿನ್ಸಿಪಾಲರು ಅವನ ಬೆನ್ನು ತಟ್ಟಿದರು.

ಎಲ್ಲರೂ ಹೋದ ಮೇಲೆ ಲಗಮಣ್ಣ ಮೆಲ್ಲಗೆ ಹತ್ತಿರ ಬಂದ. "ದೋಸ್ತ, ಬ್ಯಾಸರ ಮಾಡ್ಕೋಬ್ಯಾಡ. ಇಷ್ಟ ಹೇಳು, ರಾಮದುರ್ಗದ ವಾಡೇಕ್ಕ ಬಸ್‌ಸ್ಟ್ಯಾಂಡಿನಿಂದ ಯಾವ ಕಡೆ ಹೊಳ್ಳಬೇಕು?"

ಬೈಯಲಿಕ್ಕೂ ದನಿ ಇರಲಿಲ್ಲ. ಮುಜಫ್ಫರ ಒಂದು ಹಾಳೆ ಹರಿದು, ಬಸ್‌ಸ್ಟ್ಯಾಂಡು ಇಲ್ಲಿ, ಊರ ಅಗಸಿ ಬಾಗಿಲು ಇಲ್ಲಿ ಎಂದು ಗುರುತು ಹಾಕಿ, ದಾರಿ ಬರೆದುಕೊಟ್ಟ.