ಒಂಟಿ ಗಣಪತಿಯ ಮೆರವಣಿಗೆ

ಆ ದಿನ ಬೆಳಿಗ್ಗೆ ಚನ್ನಬಸವಯ್ಯ ಬಾಗಿಲು ತೆರೆಯದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಬೇರೆ ಯಾರೂ ತೆರೆದಿರಲಿಲ್ಲ.

ಐವತ್ತೇಳನೇ ಇಸವಿಯ ಭಾದ್ರಪದ. ಮುಂಗಾರಿನ ಜೊತೆಗೇ ಊರೊಳಕ್ಕೆ ಕಾಲಿಟ್ಟಿದ್ದ ಫ್ಲೂ ಜ್ವರ ಕರೆಯದೆ ಬಂದ ನೆಂಟನ ಹಾಗೆ ಮನೆಮನೆಯಲ್ಲೂ ಉಂಡು ಮಲಗಿ ಏಳುತ್ತಿತ್ತು. ಕೋಟೆಯ ಕಡೆ ಇಬ್ಬರು ಮುದುಕರನ್ನು ಕರೆದುಕೊಂಡೂ ಹೋಗಿತ್ತು. ಸ್ಕೂಲಿಗೆ ಬೀಗ, ಟೆಂಟ್ ಸಿನಿಮಾಕ್ಕೆ ಬೀಗ, ಸಂತೆ ಬಂದ್. ಜನ ಕೊರಳಿಗೆ ಕರ್ಪೂರದ ಗಂಟು ಕಟ್ಟಿಕೊಂಡು, ಮೂಗಿಗೆ ನೀಲಗಿರಿ ಎಣ್ಣೆ ಸವರಿಕೊಂಡು, ಕಿಟಕಿಯ ಸಂದಿಯಿಂದ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಹಬ್ಬದ ಹಿಂದಿನ ವಾರ ಡಂಗುರ ಹೊಡೆಸಿದ್ದರು: ಈ ಸಲ ಊರ ಗಣಪತಿ ಇಲ್ಲ, ಹೊಳೆದಂಡೆಯಲ್ಲಿ ಗುಂಪು ಸೇರುವ ಹಾಗಿಲ್ಲ, ಕುಡಿಯುವ ನೀರಿನ ಬಾವಿಗೆ ಮನೆ ಗಣಪತಿಗಳನ್ನು ಬಿಡುವ ಹಾಗಂತೂ ಇಲ್ಲವೇ ಇಲ್ಲ.

ಡಂಗುರ ಕೇಳಿ ಮೊದಲು ನೆಮ್ಮದಿಪಟ್ಟವನು ಚನ್ನಬಸವಯ್ಯ. ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಅವನು ಯಾರಾದರೂ ಆಕಳಿಸಿದರೂ ಎರಡು ಹೆಜ್ಜೆ ಹಿಂದೆ ಸರಿಯುವ ಮನುಷ್ಯ. ಜ್ವರ ಬಂದಮೇಲೆ ಅಂಗಡಿಯನ್ನೇ ಮುಚ್ಚಿ, ಹೆಂಡತಿ ದಾಕ್ಷಾಯಣಮ್ಮ ಕೊಡುವ ಮೆಣಸಿನ ಕಷಾಯ ಕುಡಿದುಕೊಂಡು ಮನೆಯೊಳಗೇ ಇದ್ದ. ಚೌತಿಯ ಬೆಳಿಗ್ಗೆ ಬಾಗಿಲು ತೆರೆದದ್ದು ಹಾಲಿನ ಚೊಂಬು ಒಳಗೆ ತೆಗೆದುಕೊಳ್ಳುವುದಕ್ಕೆ, ಅಷ್ಟೇ.

ಎದುರಿಗೆ ಗಾಡಿ ನಿಂತಿತ್ತು. ಗಾಡಿಯ ಮೇಲೆ ಎದೆಯೆತ್ತರದ ಗಣಪತಿ. ಗಣಪತಿಯ ಪಕ್ಕದಲ್ಲಿ ಹರದನಹಳ್ಳಿಯ ಕುಂಬಾರ ಮಂಚಯ್ಯ.

"ಸದ್ಯ, ನೀವಾದ್ರೂ ಬಾಗ್ಲು ತಗುದ್ರಲ್ಲ ಸಾವ್ಕಾರ್ರೆ," ಎಂದ ಮಂಚಯ್ಯ. "ಆಷಾಡದಾಗೆ ಕಮಿಟಿಯೋರು ಯೋಳಿದ್ರು ಅಂತ ಮಾಡಿವ್ನಿ. ಈಗ ಈಶ್ವರಯ್ನೋರು ಕಿಟಕೀಲೇ ಅಂದ್ಬುಟ್ರು, ಹಬ್ಬ ನಿಂತೋಗದೆ, ತಕ್ಕೊಂಡೋಗು ಅಂತ. ಹಬ್ಬ ನಿಂತೋಯ್ತು ಅಂತ ಗಣಪತಿ ನಿಂತ್ಕತಾನಾ? ಬಂದೇಬುಟ್ಟವ್ನೆ."

ನಮ್ಮನೇಲಿ ಜಾಗ ಇಲ್ಲಪ್ಪ ಎನ್ನಬೇಕೆಂದು ಚನ್ನಬಸವಯ್ಯ ಬಾಯಿ ತೆರೆದ. ಆದರೆ ಹುಟ್ಟಿದಾರಭ್ಯ ಅವನ ಬಾಯಿಂದ ಇಲ್ಲ ಎನ್ನುವ ಮಾತು ಸಲೀಸಾಗಿ ಬಂದದ್ದಿಲ್ಲ. ಅದೂ ಅಲ್ಲದೆ ಅಷ್ಟರಲ್ಲಿ ಅವನು ಗಣಪತಿಯ ಮುಖ ನೋಡಿಬಿಟ್ಟಿದ್ದ. ಪ್ರತಿ ವರ್ಷ ಜನರ ಹೆಗಲ ಮೇಲಿಂದ ಇಣುಕಿದರೆ ಒಂದು ಕಿವಿಯೋ ಕಿರೀಟದ ತುದಿಯೋ ಕಂಡರೆ ಪುಣ್ಯ. ಇವತ್ತು ಇಡೀ ಮುಖ, ಮೊಳದಷ್ಟು ಹತ್ತಿರದಲ್ಲಿ. ಹಸಿಮಣ್ಣಿನ ತಂಪು ತಟ್ಟುತ್ತಿತ್ತು. ಆ ಸಣ್ಣ ಕಣ್ಣುಗಳು ತನ್ನನ್ನೇ, ತನ್ನೊಬ್ಬನನ್ನೇ ನೋಡುತ್ತಿವೆ ಅನ್ನಿಸಿ ಮೈ ಜುಮ್ಮೆಂದಿತು. ಅವನು ಬಾಯಿ ಮುಚ್ಚುವುದರೊಳಗೆ ಮಂಚಯ್ಯ ತನ್ನಿಬ್ಬರು ಗಂಡುಮಕ್ಕಳ ಕೈಯಲ್ಲಿ ಗಣಪತಿಯನ್ನು ಜಗಲಿಗೆ ಇಳಿಸಿ, "ಸಂಜೀಕೆ ವೊಳೆಗೆ ಬುಟ್ಬುಡಿ ಸಾವ್ಕಾರ್ರೆ," ಎಂದು ಗಾಡಿ ಹೊಡೆದುಕೊಂಡು ಹೊರಟೇಹೋದ.

ದಾಕ್ಷಾಯಣಮ್ಮ ಹೊರಗೆ ಬಂದು ನೋಡಿದಳು. ಗಣಪತಿಯನ್ನು ನೋಡಿ ಕೈಮುಗಿದಳು. ಗಂಡನನ್ನು ನೋಡಿ ಹಣೆ ಮುಟ್ಟಿಕೊಂಡಳು.

"ಹಾಲಿನ ಚೊಂಬೆಲ್ರೀ?" ಎಂದಳು.

ಚೊಂಬು ಗಣಪತಿಯ ಬೆನ್ನ ಹಿಂದೆ ಸಿಕ್ಕಿಕೊಂಡಿತ್ತು.

ಎದುರು ಮನೆಯ ಮಹಡಿಯ ಕಿಟಕಿ ತೆರೆಯಿತು. ಗಣಪತಿ ಕಮಿಟಿಯ ಅಧ್ಯಕ್ಷರಾದ ಈಶ್ವರಯ್ಯನವರು ನಿವೃತ್ತ ಶಿರಸ್ತೇದಾರರು. ನಿವೃತ್ತರಾದ ಸಂಗತಿ ಅವರೊಬ್ಬರಿಗೆ ಮಾತ್ರ ತಿಳಿದಿರಲಿಲ್ಲ. ಮೂಗು ಬಾಯಿಗೆ ಕರವಸ್ತ್ರ ಕಟ್ಟಿಕೊಂಡೇ ಅಪ್ಪಣೆ ಕೊಡಿಸಿದರು: "ಚನ್ನಬಸವಯ್ಯನೋರೆ, ಬಂದ ಗಣಪತೀನ ಪೂಜೆ ಇಲ್ದೆ ಕೂರಿಸಬಾರದು. ಪೂಜೆ ಮಾಡಿದ್ಮೇಲೆ ಇವತ್ತೇ ಹೊಳೆಗೆ ಬಿಡಬೇಕು. ನಾನು ಇಲ್ಲಿಂದ್ಲೇ ಮಂತ್ರ ಹೇಳ್ತೀನಿ, ನೀವು ಅಲ್ಲಿ ಮಾಡಿ. ಗುಂಪು ಸೇರಿದ ಹಾಗೂ ಆಗಲ್ಲ."

ಹಾಗೆ ಬೀದಿಯ ಆಚೆಯಿಂದ ಮಂತ್ರ, ಈಚೆಯಿಂದ ಪೂಜೆ ಶುರುವಾಯಿತು. ಕರವಸ್ತ್ರದೊಳಗಿನಿಂದ ಹೊರಟ ಸಂಸ್ಕೃತ ಬೀದಿ ದಾಟುವಷ್ಟರಲ್ಲಿ ಯಾವ ಭಾಷೆಯೂ ಅಲ್ಲದ ಹಾಗಾಗುತ್ತಿತ್ತು. ಆದರೂ ಒಂದೊಂದೇ ಬಾಗಿಲು ಅರ್ಧ ತೆರೆಯಿತು. ಹೆಂಗಸರು ಹೊಸ್ತಿಲಲ್ಲೇ ನಿಂತು ಗರಿಕೆ, ಹೂವು ಎಸೆದರು. ದೂರ ಹೆಚ್ಚಾದ್ದರಿಂದ ಅದರಲ್ಲಿ ಮುಕ್ಕಾಲು ಪಾಲು ಸಲ್ಲಿದ್ದು ಚನ್ನಬಸವಯ್ಯನ ತಲೆಗೆ. ಈಶ್ವರಯ್ಯನವರು ಧೂಪ ಎಂದದ್ದು ಅವನಿಗೆ ದೀಪ ಎಂದು ಕೇಳಿಸಿ ದೀಪ ಬೆಳಗಿದ. ದೀಪ ಎಂದಾಗ ಓಹೋ ಇದು ಧೂಪವಿರಬೇಕೆಂದು ಕೆಂಡದ ಮೇಲೆ ಒಂದು ಹಿಡಿ ಸಾಂಬ್ರಾಣಿ ಸುರಿದ. ಹೊಗೆ ಎದ್ದು ಗಣಪತಿಯನ್ನೂ ಅವನನ್ನೂ ಒಟ್ಟಿಗೇ ನುಂಗಿತು.

ಹೊಗೆಯೊಳಗಿನಿಂದ ಒಂದು ಸೀನು ಕೇಳಿಸಿತು. ಆಮೇಲೆ ಇನ್ನೊಂದು. ಆಮೇಲೆ ಸೀನಿನ ಮೇಲೆ ಸೀನು.

ಮಳೆ ಹನಿದಾಗ ಸಂತೆಯವರು ಗೋಣಿತಾಟು ಎಳೆದುಕೊಳ್ಳುವ ಹಾಗೆ, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬಾಗಿಲುಗಳು ದಡದಡನೆ ಮುಚ್ಚಿಕೊಂಡವು.

"ಸಾಂಬ್ರಾಣಿ ಹೊಗೆ ಕಣ್ರೀ," ಎಂದು ಚನ್ನಬಸವಯ್ಯ ಕಣ್ಣೀರು ಒರೆಸಿಕೊಳ್ಳುತ್ತ ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. ಹೇಳಿ ಮತ್ತೊಮ್ಮೆ ಸೀನಿದ.

"ಮಲಕ್ಕೊಳಿ ಚನ್ನಬಸವಯ್ಯನೋರೆ," ಎಂದಿತು ಮುಚ್ಚಿದ ಕಿಟಕಿ. "ಗಂಜಿ ಬಿಟ್ಟು ಬೇರೇನೂ ಮುಟ್ಟಬೇಡಿ. ಗಣಪತೀನ ಮಾತ್ರ ಕತ್ತಲಾಗೋದರೊಳಗೆ ಬಿಟ್ಬಿಡಿ."

ಪಕ್ಕದ ಮನೆಯ ಹೊನ್ನಕ್ಕ ಹುಣಿಸೆಹಣ್ಣು ಬಡಿಯುವ ದೋಟಿಯ ತುದಿಗೆ ಕಷಾಯದ ಚೊಂಬು ಕಟ್ಟಿ ಗೋಡೆಯ ಮೇಲಿಂದ ಇಳಿಬಿಟ್ಟಳು. "ಕುಡಿಯಪ್ಪ. ಚೊಂಬು ವಾಪಸ್ ಕೊಡಬ್ಯಾಡ," ಎಂದಳು.

ಮಧ್ಯಾಹ್ನವೆಲ್ಲ ಚನ್ನಬಸವಯ್ಯ ಗಣಪತಿಯ ಸುತ್ತ ಸುತ್ತಿದ. ಎತ್ತುವುದಕ್ಕೆ ಒಬ್ಬನೂ ಬರುವಂತಿರಲಿಲ್ಲ. ಇಳಿಹೊತ್ತಿಗೆ ಗಾಡಿ ಬೋರಪ್ಪ ಬಂದ. ಅವನು ಹಿಂದಿನ ವಾರವಷ್ಟೇ ಜ್ವರ ಬಂದು ಎದ್ದವನು. ಅವನು ಈ ಕಡೆ ಬಂದರೆ ಊರು ಆ ಕಡೆ ಹೋಗುತ್ತಿತ್ತು. ಬಾಡಿಗೆಗೆ ಕರೆಯುವವರಿಲ್ಲದೆ ಎತ್ತುಗಳೂ ಅವನೂ ಸುಮ್ಮನೆ ಊರು ಸುತ್ತುತ್ತಿದ್ದರು.

"ನಾನ್ ಬತ್ತೀನಿ ಸಾವ್ಕಾರ್ರೆ," ಎಂದ. "ನಂಗೆ ಬಂದು ಓಗಾಯ್ತು. ನಿಮ್ಗೂ ಬಂದದಂತಲ್ಲ, ಇನ್ನೇನು ಭಯ?"

"ನನಗೆ ಬಂದಿಲ್ಲ ಕಣೋ," ಎಂದು ಚನ್ನಬಸವಯ್ಯ ಎರಡು ಹೆಜ್ಜೆ ಹಿಂದೆ ಸರಿದ. ಬೆನ್ನು ಗಣಪತಿಯ ಹೊಟ್ಟೆಗೆ ತಾಗಿತು.

ದಾಕ್ಷಾಯಣಮ್ಮ ಬಾಗಿಲಲ್ಲಿ ನಿಂತು ಕೇಳಿದಳು: "ನಿಮಗೆ ಯಾವ ಭಯ ದೊಡ್ಡದು ಹೇಳ್ಬಿಡಿ. ಬೋರಪ್ಪನ ಜ್ವರದ್ದೋ, ಇವನದೋ?"

ಚನ್ನಬಸವಯ್ಯ ತಿರುಗಿ ನೋಡಿದ. ಬೆಳಿಗ್ಗೆ ನೋಡಿದ್ದ ಕಣ್ಣುಗಳು ಇನ್ನೂ ನೋಡುತ್ತಲೇ ಇದ್ದವು. "ಹಿಡಿಯಪ್ಪ," ಎಂದ.

ಜಗಲಿಯೂ ಗಾಡಿಯೂ ಸರಿಸುಮಾರು ಒಂದೇ ಎತ್ತರ. ನಡುವೆ ಹಲಗೆ ಹಾಕಿ ಹರಳೆಣ್ಣೆ ಸವರಿದರು. ಬೋರಪ್ಪನೂ ದಾಕ್ಷಾಯಣಮ್ಮನೂ ಹಿಂದಿನಿಂದ ತಳ್ಳುವುದು, ಚನ್ನಬಸವಯ್ಯ ಗಾಡಿಯಲ್ಲಿ ಕೂತು ಎಳೆದುಕೊಳ್ಳುವುದು ಎಂದು ಏರ್ಪಾಡಾಯಿತು. ಎಣ್ಣೆ ಸ್ವಲ್ಪ ಜಾಸ್ತಿಯಾಗಿತ್ತು. ಗಣಪತಿ ಸರ್ರನೆ ಬಂದು ಚನ್ನಬಸವಯ್ಯನ ಜರಿಪಂಚೆಯ ಅರ್ಧಭಾಗದ ಮೇಲೆ ಕುಳಿತುಬಿಟ್ಟ. ಎಳೆದರೂ ಬರಲಿಲ್ಲ, ತಳ್ಳಿದರೂ ಅಲ್ಲಾಡಲಿಲ್ಲ. ನಡುಬೀದಿಯಲ್ಲಿ ಪಂಚೆ ಬಿಚ್ಚುವಂತಿಲ್ಲ.

"ಅಂಗೇ ಕುಂತ್ಕಳಿ, ವೊಳೆತಾವ ನೋಡಾನ," ಎಂದು ಬೋರಪ್ಪ ಎತ್ತು ಹೊಡೆದ.

ಹೀಗೆ ಚನ್ನಬಸವಯ್ಯ ಗಣಪತಿಯ ಪಾದದ ಬಳಿ, ಇಲಿ ಕೂರುವ ಜಾಗದಲ್ಲಿ, ಮಂಡಿ ಮಡಿಚಿಕೊಂಡು ಕುಳಿತು ಪೇಟೆ ಬೀದಿಯಲ್ಲಿ ಹೊರಟ. ಎಲ್ಲರೂ ನಗುತ್ತಾರೆಂದು ತಲೆ ತಗ್ಗಿಸಿಕೊಂಡಿದ್ದ.

ಯಾರೂ ನಗಲಿಲ್ಲ.

ಪ್ರತಿ ವರ್ಷ ಈ ಬೀದಿಯಲ್ಲಿ ವಾಲಗ, ತಮಟೆ, ಪಟಾಕಿಗಳ ಗದ್ದಲದಲ್ಲಿ ಪಕ್ಕದವನ ಮಾತು ಕೇಳಿಸುತ್ತಿರಲಿಲ್ಲ. ಇವತ್ತು ಗಾಡಿಯ ಅಚ್ಚಿನ ಕಿರುಗುಟ್ಟುವ ಸದ್ದು, ಎತ್ತಿನ ಕೊರಳ ಗಂಟೆ, ಅಷ್ಟು ಬಿಟ್ಟರೆ ಗಣಪತಿಯ ಕೊರಳ ಹೂವು ಹಲಗೆಯ ಮೇಲೆ ಉದುರುವುದೂ ಕೇಳಿಸುವಂತಿತ್ತು. ಗಾಡಿ ಮುಂದೆ ಬಂದಂತೆ ಒಂದೊಂದೇ ಬಾಗಿಲು ಸದ್ದಿಲ್ಲದೆ ತೆರೆಯಿತು. ಹೊಸ್ತಿಲಲ್ಲಿ ದೀಪ ಹಿಡಿದ ಹೆಂಗಸರು, ಕಂಬಳಿ ಹೊದ್ದು ಗೋಡೆಗೆ ಒರಗಿ ನಿಂತ ರೋಗಿಗಳು, ಸೊಂಟದ ಮೇಲಿನ ಕೂಸುಗಳು. ಎಲ್ಲರ ಕೈಯೂ ಮುಗಿದಿತ್ತು. ಒಬ್ಬ ಮುದುಕಿ ಮೂಗಿನ ಬಟ್ಟೆ ತೆಗೆದು ಗಣಪತಿಯ ಕಡೆ ಮುಖ ಎತ್ತಿ ನಿಂತುಕೊಂಡಳು. ನೀನಾದರೂ ನನ್ನ ಮುಖ ನೋಡು ಎನ್ನುವ ಹಾಗೆ.

ಚನ್ನಬಸವಯ್ಯನ ತಲೆ ತಾನಾಗಿಯೇ ಮೇಲೆದ್ದಿತು. ದೇವರಿಗೆ ಊರು ಕಾಣುವುದು ಹೀಗೆಯೇ ಇರಬೇಕು ಅಂದುಕೊಂಡ. ಅಂಗಡಿಯಲ್ಲಿ ಚೌಕಾಸಿ ಮಾಡುವ, ಬೀದಿಯಲ್ಲಿ ಜಗಳ ಕಾಯುವ ಇದೇ ಜನ. ಎದುರಿಗೆ ಬಂದು ನಿಂತಾಗ ಎಷ್ಟು ಭಯ, ಎಷ್ಟು ಆಸೆ, ಕಣ್ಣಿನಲ್ಲಿ ಎಷ್ಟೊಂದು ಕೇಳಿಕೆ. ತನಗೂ ಅರಿಯದೆ ಅವರಿಗೆಲ್ಲ ಕೈಮುಗಿದುಕೊಂಡೇ ಹೋದ.

ಹೇಮಾವತಿ ತುಂಬಿ ಹರಿಯುತ್ತಿದ್ದಳು. ಸೋಪಾನದ ಮೇಲಿನ ನಾಲ್ಕಾರು ಮೆಟ್ಟಿಲು ಮಾತ್ರ ಉಳಿದು, ಆಚೆದಡದವರೆಗೂ ಕೆಂಪು ನೀರು ಒಂದೇ ಸಮನೆ ಮೊರೆಯುತ್ತ ಹೋಗುತ್ತಿತ್ತು. ಅಷ್ಟು ದೊಡ್ಡ ಹೊಳೆಯ ಮುಂದೆ ನರಪಿಳ್ಳೆ ಇಲ್ಲ.

ಪಕ್ಕದ ಇಳಿಜಾರಿನಲ್ಲಿ ಬೋರಪ್ಪ ಗಾಡಿಯ ಹಿಂಭಾಗ ನೀರಿಗೆ ಬರುವಂತೆ ನಿಲ್ಲಿಸಿ ಎತ್ತು ಬಿಚ್ಚಿದ. "ಗಾಡಿ ಮುಂದ್ಲ ಮೂಕಿ ಎತ್ತಿ ಹಿಂದಕ್ಕೆ ವಾಲುಸ್ತೀನಿ ಸಾವ್ಕಾರ್ರೆ. ಅವನು ಜಾರ್ಕಂಡು ಓಯ್ತಾನೆ. ನೀವು ಗಾಡಿ ಪಕ್ಕದ ಗೂಟ ಗಟ್ಟಿಯಾಗಿ ಹಿಡ್ಕಳಿ."

"ಪಂಚೆ?"

"ಒಂದು ಕೈಲಿ ಪಂಚೆ ಹಿಡ್ಕಳಿ, ಒಂದು ಕೈಲಿ ಗೂಟ. ಯಾವುದನ್ನ ಬುಡಬೇಕು ಅಂತ ಆಮ್ಯಾಕೆ ತಿಳೀತದೆ."

ಗಾಡಿ ವಾಲಿತು. ಗಣಪತಿ ಒಂದು ಗಳಿಗೆ ತಡೆದ, ಆಮೇಲೆ ಮೆಲ್ಲನೆ, ದೊಡ್ಡ ಮನುಷ್ಯರು ಎದ್ದು ಹೊರಡುವ ಹಾಗೆ ಜಾರತೊಡಗಿದ. ಜೊತೆಗೆ ಚನ್ನಬಸವಯ್ಯನೂ ಜಾರಿದ. ಕಾಲಿಗೆ ತಣ್ಣಗೆ ನೀರು ತಾಗಿದಾಗ ಯಾವುದನ್ನು ಬಿಡಬೇಕೆಂದು ತಿಳಿದೇಬಿಟ್ಟಿತು.

ಗಣಪತಿ ಹೊಳೆಯಲ್ಲಿ ಒಂದು ಸುತ್ತು ತಿರುಗಿ ಅವನ ಕಡೆ ಮುಖ ಮಾಡಿ ಮುಳುಗಿದ. ಹಿಂದೆಯೇ ಜರಿಪಂಚೆ ಶಲ್ಯದಂತೆ ಹರಡಿಕೊಂಡು ಹೋಯಿತು. ಪಟ್ಟೆಪಟ್ಟೆ ಚಡ್ಡಿಯಲ್ಲಿ ಗೂಟ ಹಿಡಿದು ನೇತಾಡುತ್ತಿದ್ದ ಚನ್ನಬಸವಯ್ಯನಿಗೆ ನಾಚಿಕೆಯಾಗಲಿಲ್ಲ. ಆ ಮುಖ ಇದ್ದ ಜಾಗದಲ್ಲಿ ಬರೀ ನೀರು ಸುಳಿಯುತ್ತಿದ್ದುದನ್ನೇ ನೋಡುತ್ತಿದ್ದ.

"ಮುಗೀತು," ಎಂದ ಕೊನೆಗೆ. "ಎಂಥಾ ದೊಡ್ಡ ಕೆಲಸ ಮುಗೀತು ಬೋರಪ್ಪ."

ಬೋರಪ್ಪ ತಾನು ಜ್ವರದಲ್ಲಿ ಹೊದ್ದು ಮಲಗಿದ್ದ ಕಂಬಳಿಯನ್ನೇ ಕೊಟ್ಟ. ಯಾರು ಆಕಳಿಸಿದರೂ ಹಿಂದೆ ಸರಿಯುತ್ತಿದ್ದ ಚನ್ನಬಸವಯ್ಯ ಅದನ್ನು ಸೊಂಟಕ್ಕೆ ಸುತ್ತಿಕೊಂಡು ಗಾಡಿಯಲ್ಲಿ ಬಿದ್ದುಕೊಂಡ. ಮನೆಗೆ ಹೋಗಿ ಬಿಸಿನೀರು ಸುರಿದುಕೊಂಡು, ಎರಡು ಕಡುಬು ತಿಂದು, ಊರಿನ ಜ್ವರ ಇಳಿಯುವವರೆಗೂ ಬಾಗಿಲು ತೆರೆಯುವುದಿಲ್ಲ ಎಂದು ದಾರಿಯುದ್ದಕ್ಕೂ ತೀರ್ಮಾನ ಮಾಡುತ್ತ ಬಂದ.

ಮನೆಯ ಹತ್ತಿರ ಗಾಡಿ ನಿಂತಾಗ ದೀಪ ಹಚ್ಚುವ ಹೊತ್ತು. ಎದ್ದು ಕೂತವನು ಕೂತಲ್ಲೇ ಕಲ್ಲಾದ.

ಜಗಲಿಯ ತುಂಬ ಗಣಪತಿಗಳು. ಅಂಗೈಯಷ್ಟು ಚಿಕ್ಕವು, ಮೊಳದುದ್ದದವು, ಬಣ್ಣದವು, ಬರೀ ಮಣ್ಣಿನವು. ಮಣೆಯ ಮೇಲೆ, ತಟ್ಟೆಯಲ್ಲಿ, ಮೊರದಲ್ಲಿ, ಒಂದೊಂದರ ಮುಂದೆಯೂ ಒಂದೊಂದು ಹಣತೆ. ಜಗಲಿ ಸಾಲದೆ ಮೆಟ್ಟಿಲು, ಮೆಟ್ಟಿಲು ಸಾಲದೆ ಗೋಡೆಯ ಬುಡದಲ್ಲಿ ಸಾಲು ಹಿಡಿದಿದ್ದವು. ಬೀದಿಯಲ್ಲಿ ಒಬ್ಬರೂ ಇಲ್ಲ. ಆ ಮಬ್ಬಿನಲ್ಲಿ ಅಷ್ಟೂ ದೀಪಗಳು, ಅಷ್ಟೂ ಸೊಂಡಿಲುಗಳು, ಅಷ್ಟೂ ಜೊತೆ ಸಣ್ಣ ಕಣ್ಣುಗಳು ಅವನನ್ನೇ ನೋಡುತ್ತಿದ್ದವು. ಚನ್ನಬಸವಯ್ಯ ಎಣಿಸಲು ಹೋಗಿ ಬಿಟ್ಟುಬಿಟ್ಟ. ಕೈ ತಾನಾಗಿಯೇ ಮುಗಿದಿತ್ತು.

"ನಾನೇನ್ ಮಾಡ್ಲಿ?" ಎಂದಳು ಬಾಗಿಲ ಸಂದಿಯಿಂದ ದಾಕ್ಷಾಯಣಮ್ಮ. "ಒಬ್ಬೊಬ್ಬರೇ ಬಂದರು, ಇಟ್ಟರು, ಕೈಮುಗಿದು ಹೋದರು. ಬೇಡ ಅನ್ನೋಣ ಅಂದ್ರೆ, ದೇವರನ್ನ ಬೇಡ ಅಂತ ಹ್ಯಾಗೆ ಅನ್ನೋದು?"

ಗೋಡೆಯ ಮೇಲೆ ಹೊನ್ನಕ್ಕನ ಮುಖ ಕಂಡಿತು. "ನಾವು ವೊಳೇಗೆ ಓದ್ರೆ ಗುಂಪಾಯ್ತದೆ ಕಣಪ್ಪ ಚನ್ನಬಸಣ್ಣ, ಜ್ವರ ಅಂಟ್ಕತದೆ. ನಿಂಗೆ ಎಂಗೂ ಬಂದುಬುಟ್ಟದೆ. ಬಂದೋರ್ಗೆ ಇನ್ನೇನು ಬಂದಾದು? ಅದುಕ್ಕೇ ಬೀದಿಯೋರೆಲ್ಲ ಒಂದೇ ಮನಸು ಮಾಡುದ್ವಿ."

"ನನಗೆ ಜ್ವರ ಇಲ್ಲ ಹೊನ್ನಕ್ಕ. ಸಾಂಬ್ರಾಣಿ ಹೊಗೆ ಅದು."

ಹೊನ್ನಕ್ಕ ಅವನ ಸೊಂಟದ ಕಂಬಳಿಯನ್ನು ನೋಡಿದಳು, ಅದು ಯಾರದೆಂದು ಗುರುತು ಹಿಡಿದಳು, ಮೂಗಿಗೆ ಸೆರಗು ಒತ್ತಿಕೊಂಡಳು. "ಆಗಲಿ ಕಣಪ್ಪ, ಇಲ್ಲ ಅಂತ್ಲೇ ಇರ್ಲಿ," ಎಂದು ಗೋಡೆಯಾಚೆ ಇಳಿದಳು.

ಎದುರಿನ ಮಹಡಿಯ ಕಿಟಕಿ ಬೆರಳಷ್ಟು ತೆರೆಯಿತು. "ಚನ್ನಬಸವಯ್ಯನೋರೆ, ಕತ್ತಲಾಗೋದರೊಳಗೆ ಅಂದಿದ್ದೆ. ಪರವಾಗಿಲ್ಲ, ನಿಧಾನವಾಗಿಯೇ ಆಗಲಿ. ನಮ್ಮನೆದು ಎಡಗಡೆ ಮೂರನೇದು. ಸೊಂಡಿಲು ಸ್ವಲ್ಪ ಬಿರುಕು ಬಿಟ್ಟಿದೆ, ಜೋಪಾನ."

ಚನ್ನಬಸವಯ್ಯ ಬೋರಪ್ಪನ ಮುಖ ನೋಡಿದ. ಬೋರಪ್ಪ ಇಳಿದು, ಎತ್ತುಗಳ ಮೂಗುದಾರ ಹಿಡಿದು, ಗಾಡಿಯ ಮೂತಿಯನ್ನು ಮತ್ತೆ ಹೊಳೆಯ ಕಡೆಗೆ ತಿರುಗಿಸಿ ನಿಲ್ಲಿಸಿದ.

ಬೀದಿಯ ತುದಿಯಲ್ಲಿ ಇನ್ನೊಂದಿಷ್ಟು ದೀಪಗಳು ಕಂಡವು. ಸುದ್ದಿ ಕೋಟೆಯವರೆಗೂ ಹೋಗಿತ್ತು. ಅಲ್ಲಿಯ ಜನ ಒಬ್ಬರಿಂದೊಬ್ಬರು ದೂರ ದೂರ ಬಿಟ್ಟುಕೊಂಡು, ಎರಡು ಕೈಯಲ್ಲೂ ಮಣೆ ಹಿಡಿದುಕೊಂಡು, ಚನ್ನಬಸವಯ್ಯನ ಮನೆಯ ಕಡೆಗೇ ಬರುತ್ತಿದ್ದರು.