ರೇವಣಪ್ಪನ ಚೈನಾ ಸಿಂಬಲ್

ಎಪ್ಪತ್ತರ ದಶಕದಲ್ಲಿ ಇಂಡಿ ಊರಿನ ರೇವಣಪ್ಪ ಪಟ್ಟ ಫಜೀತಿಗೆಲ್ಲ ಕಾರಣ, ಅವನು ಆಸೆಪಟ್ಟು ಸೋಲಾಪುರದಿಂದ ತಂದ ಒಂದು ಚೈನಾ ಸಿಂಬಲ್. ಡ್ರಮ್ಮಿನ ಜೊತೆ ಬಾರಿಸುವ ಉಳಿದ ಕಂಚಿನ ತಾಟುಗಳು ಬಹಳ ಹೊತ್ತು ಗುಂಯ್‌ಗುಡುತ್ತವೆ. ಇದರ ಅಂಚು ಮಾತ್ರ ಮೇಲಕ್ಕೆ ಮಡಚಿತ್ತು; ಹೊಡೆದರೆ 'ಝಶ್' ಎಂದು ಸಿಡಿದು ಥಟ್ಟನೆ ಸುಮ್ಮನಾಗುತ್ತಿತ್ತು. ಸರಿಯಾದ ಜಾಗದಲ್ಲಿ ಒಂದೇ ಏಟು, ಅದರ ಕೆಲಸ ಅಷ್ಟೇ.

ಬ್ಯಾಂಡ್ ಮಾಸ್ತರ ಗುರಲಿಂಗಪ್ಪ ಖಡಾಖಂಡಿತವಾಗಿ ಹೇಳಿದ್ದ: "ಝಳಕಿ ಗೌಡ್ರ ಮಗಳ ಲಗ್ನದಾಗ 'ಸಾವಧಾನ' ಅಂದಕೂಡ್ಲೆ, ಅಕ್ಕಿಕಾಳು ಬೀಳೂ ಹೊತ್ತಿಗೆ ಬಾರಿಸು. ಗೌಡ್ರು ಮೆಚ್ಚಿದ್ರ ನೀನ ನಮ್ಮ ಕಾಯಂ ಡ್ರಮ್ಮರ್. ಇಲ್ಲಂದ್ರ ಸೋಲಾಪುರದವನ್ನ ಕರಸ್ತೇನಿ."

ಲಗ್ನದ ದಿನ ಬೆಳಿಗ್ಗೆ ಹೆಂಡತಿ ಕಾಶಿಬಾಯಿ ಸಿಂಬಲ್ ನೋಡಿ ಹಣೆ ಬಡಿದುಕೊಂಡಳು. "ಅಂಚ ಸೊಟ್ಟ ಐತಲ್ರಿ! ನಿಮಗ ಟೋಪಿ ಹಾಕ್ಯಾರ."

ರೇವಣಪ್ಪ ಜಳಕ ಮುಗಿಸಿ ಬರುವಷ್ಟರಲ್ಲಿ ಪಕ್ಕದ ಮನೆಯ ಮಡಿವಾಳಪ್ಪ ಸುತ್ತಿಗೆ ಎತ್ತಿಯೇ ಬಿಟ್ಟಿದ್ದ.

"ತಡಿ ತಮ್ಮಾ, ಬಡದು ಸಪಾಟ ಮಾಡಿ ಕೊಡ್ತೇನಿ."

"ಅಣ್ಣಾ, ಕೈ ಮುಗಿತೇನಿ, ಅದು ಇರೂದ ಹಂಗ!" ಎಂದು ಕಿರುಚಿ, ಒದ್ದೆ ಪಂಚೆಯಲ್ಲೇ ಸಿಂಬಲ್ ಕಸಿದುಕೊಂಡ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡೇ ಹೋದ.

ಝಳಕಿಯಲ್ಲಿ ಡ್ರಮ್ಮು ಜೋಡಿಸಿ ತಿರುಗಿದರೆ ಸಿಂಬಲ್ ಇಲ್ಲ! ಹುಡುಕಿಕೊಂಡು ಅಡುಗೆಮನೆಗೆ ಓಡಿದ. ಅಲ್ಲಿ ಗೌಡರ ಅಕ್ಕ ಸುಂದರವ್ವ ಅದರ ತುಂಬ ಹಪ್ಪಳ ಪೇರಿಸಿದ್ದಳು.

"ಎಂಥಾ ಚಲೋ ಅಂಚೋ ಯಪ್ಪಾ! ಒಂದ ಹಪ್ಪಳಾನೂ ಜಾರಾಂಗಿಲ್ಲ."

ಅವಳ ಕೈಕಾಲು ಹಿಡಿದು, ಹಪ್ಪಳ ಬುಟ್ಟಿಗೆ ಸುರಿದು, ಎಣ್ಣೆಯನ್ನು ಅಂಗಿಗೇ ಒರೆಸಿಕೊಂಡು ಓಡಿ ಬಂದು ಸಿಂಬಲ್ ಸ್ಟ್ಯಾಂಡಿಗೆ ಏರಿಸಿದ. "ಶುಭಮಂಗಲ ಸಾವಧಾನ!" ಎಂಬುದಕ್ಕೂ ಅವನ ಏಟು ಬೀಳುವುದಕ್ಕೂ ಸರಿಹೋಯಿತು.

ಝಶ್!

ಅಬ್ಬಾ, ಎಂಥ ಸದ್ದು! ರೇವಣಪ್ಪನ ಕಣ್ಣು ತುಂಬಿದವು. ಆದರೆ ಹಂದರದಲ್ಲಿ ಯಾರೋ ಕೂಗಿದರು: "ಅಯ್ಯಯ್ಯೋ, ಅಡಗಿ ಭಾಂಡೆ ಎಲ್ಲಾ ಬಿದ್ದೂ!" ಬೀಗರು, ನೆಂಟರು, ಅಕ್ಕಿಕಾಳು ಹಿಡಿದ ಮುಷ್ಟಿಯಲ್ಲೇ ಅಡುಗೆಮನೆಗೆ ಓಡಿದರು. ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕಲು ಉಳಿದವರು ಮಂತ್ರ ಹೇಳುವ ಅಯ್ಯನವರು ಮತ್ತು ಬ್ಯಾಂಡಿನವರು ಮಾತ್ರ. ಗುರಲಿಂಗಪ್ಪ ಹಲ್ಲು ಕಡಿದ. ಕೆಲಸ ಹೋಯಿತೆಂದು ರೇವಣಪ್ಪ ತಲೆ ತಗ್ಗಿಸಿ ಕುಳಿತ.

ಅಷ್ಟರಲ್ಲಿ ಗೌಡರು ಶಂಕರೆಪ್ಪನವರು ನಗುತ್ತ ಬಂದು ಅವನನ್ನು ತಬ್ಬಿಕೊಂಡರು. ಆಗಿನ ಲಗ್ನಗಳಲ್ಲಿ ಮೊದಲ ಕರೆಗೇ ಊಟಕ್ಕೆ ಎದ್ದರೆ ಮರ್ಯಾದೆಗೆ ಕಡಿಮೆ. ಬೀಗರನ್ನು ರಟ್ಟೆ ಹಿಡಿದು ಎಬ್ಬಿಸುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಇವತ್ತು ಓಡಿ ಹೋದವರೆಲ್ಲ ಬಿಸಿ ಹುಗ್ಗಿ ಕಂಡು ಅಲ್ಲಿಯೇ ಪಂಕ್ತಿ ಹಿಡಿದು ಕೂತಿದ್ದರು.

"ಇನ್ನಮ್ಯಾಲ ನಮ್ಮ ಮನಿತನದ ಎಲ್ಲಾ ಲಗ್ನಕ್ಕೂ ನೀನ ಬೇಕಪಾ!" ಎಂದರು ಗೌಡರು.

ರೇವಣಪ್ಪನಿಗೆ ಸ್ವರ್ಗ ಮೂರೇ ಗೇಣು. "ಹಂಗಾರ ನಾ ಕಾಯಂ ಡ್ರಮ್ಮರ್ ಏನ್ರಿ?"

"ಏ, ಡ್ರಮ್ಮು ಸೋಲಾಪುರದವ ಬಾರಸ್ತಾನ," ಗೌಡರು ಮತ್ತೆ ನಕ್ಕರು. "ನೀ ಅಡಗಿಮನಿ ಬಾಗಲದಾಗ ನಿಂತು ಇದನ್ನ ಬಾರಿಸಿ ಮಂದೀನ ಊಟಕ್ಕ ಎಬ್ಬಸು!"

ಮುಂದೆ ಎಷ್ಟೋ ವರ್ಷ ಅವನದು ಅದೇ ಕೆಲಸವಾಯಿತು. ಆ ಲಗ್ನಗಳೂ ಹೋದವು, ಆ ಹುಗ್ಗಿಯ ರುಚಿಯೂ ಹೋಯಿತು. ಆದರೂ ಝಳಕಿ, ಪಕ್ಕದ ಹೊರ್ತಿ ಊರುಗಳ ಹಿರಿಯರಿಗೆ ಇವತ್ತಿಗೂ ಎಲ್ಲಿಯಾದರೂ ಚೈನಾ ಸಿಂಬಲ್ ಸದ್ದು ಕೇಳಿದರೆ ಸಂಗೀತ ನೆನಪಾಗುವುದಿಲ್ಲ, ಹಸಿವಾಗುತ್ತದೆ.