ಟೋಪಿಯಲ್ಲಿ ಕುರಿಮರಿ

ಯಾವುದನ್ನೂ ಸುಲಭಕ್ಕೆ ನಂಬದ ಕಾಯಿಲೆ ನನಗಿದೆ. ಬೀಗ ಹಾಕಿ ಬೀದಿಯ ತುದಿ ಮುಟ್ಟಿದ ಮೇಲೆ, ಹಾಕಿದೆನೋ ಇಲ್ಲವೋ ಎಂಬ ಅನುಮಾನ ಶುರುವಾಗುತ್ತದೆ. ವಾಪಸು ಬಂದು ಜಗ್ಗಿ ನೋಡಿ ಮತ್ತೆ ಬೀದಿಯ ತುದಿ ಮುಟ್ಟಿದರೆ, ಜಗ್ಗಿ ನೋಡಿದ್ದು ಇವತ್ತೋ ನಿನ್ನೆಯೋ ಎಂದು ಇನ್ನೊಂದು ಅನುಮಾನ. ನನ್ನ ಹೆಂಡತಿ ಗಿರಿಜೆ ಹಿರಿಯೂರಿನವಳು, ನೇರ ಮಾತಿನವಳು. ಮೈಸೂರಿಗೆ ಹೋಗಿ ತರ್ಕಶಾಸ್ತ್ರ ಓದಿದ್ದರಿಂದಲೇ ನಾನು ಹೀಗಾದೆ, ಓದದೆ ಇದ್ದಿದ್ದರೆ ಒಂದೇ ಸಲಕ್ಕೆ ಬೀಗ ಹಾಕಿ ನೆಮ್ಮದಿಯಾಗಿ ಇರುತ್ತಿದ್ದೆ ಎಂಬುದು ಅವಳ ಅಭಿಪ್ರಾಯ. ಅದೇ ತರ್ಕಶಾಸ್ತ್ರವನ್ನು ಚಿತ್ರದುರ್ಗದ ಕಾಲೇಜೊಂದರಲ್ಲಿ ನಿವೃತ್ತಿಯವರೆಗೂ ಪಾಠ ಮಾಡಿ, ಈ ಕಾಯಿಲೆಯನ್ನು ಜಿಲ್ಲೆಯ ತುಂಬ ಹಂಚಿದ್ದೇನೆ. ಜೊತೆಗೆ, ಒಂದು ಕಡೆ ಕೂತಿರಲಾರದ ಕಾಲುಗಳು ಬೇರೆ. ಈ ವಾಕ್ಯ ಬರೆಯುವಷ್ಟರಲ್ಲೇ ಒಮ್ಮೆ ಎದ್ದು ಹೋಗಿ ಗ್ಯಾಸ್ ನೋಡಿ ಬಂದೆ.

ಇಂಥ ನನಗೂ ಒಂದು ವಿಷಯದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಚಿಕ್ಕವನಿದ್ದಾಗ ಚಿಕ್ಕಜಾಜೂರಿನ ಸಿನಿಮಾ ಟೆಂಟಿನಲ್ಲಿ, ಮರಳಿನ ಮೇಲೆ ಕೂತು, ಒಬ್ಬ ಕೌಬಾಯ್ ತನ್ನ ಅಗಲ ಟೋಪಿಯಲ್ಲಿ ಕುರಿಮರಿಯೊಂದನ್ನು ಇಟ್ಟುಕೊಂಡು ಹೊಳೆ ದಾಟಿದ್ದನ್ನು ನಾನು ನೋಡಿದ್ದೆ. ಪ್ರತ್ಯಕ್ಷ ಪ್ರಮಾಣದ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಇದನ್ನೇ ಉದಾಹರಣೆ ಕೊಡುತ್ತಿದ್ದೆ. "ಕೇಳಿದ್ದನ್ನು ಅನುಮಾನಿಸಿ, ಓದಿದ್ದನ್ನು ಅನುಮಾನಿಸಿ. ಆದರೆ ಟೋಪಿಯಲ್ಲಿ ಕುರಿಮರಿ ಇದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ" ಎನ್ನುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಕೆಲವರು ಕುರಿಮರಿಯ ಬದಲು ಮೊಲ ಎಂದು ಬರೆದಾಗ ಅಂಕ ಕಳೆದಿದ್ದೇನೆ.

ಆ ಸಿನಿಮಾಗಳ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮಪ್ಪ ಚಿಕ್ಕಜಾಜೂರಿನ ರೈಲು ನಿಲ್ದಾಣದಲ್ಲಿ ಪಾರ್ಸೆಲ್ ನೋಡಿಕೊಳ್ಳುತ್ತಿದ್ದರು. ಟೆಂಟಿನ ರೀಲುಗಳು ತಗಡಿನ ಡಬ್ಬಿಗಳಲ್ಲಿ ರೈಲಿನಲ್ಲೇ ಬರುತ್ತಿದ್ದವು. ಕನ್ನಡ ಚಿತ್ರಗಳು ಸಿಗದ ವಾರದಲ್ಲಿ ಟೆಂಟಿನವರು ಎಲ್ಲಿಂದಲೋ ಹಳೆಯ ಇಂಗ್ಲಿಷ್ ಕೌಬಾಯ್ ಚಿತ್ರಗಳ ಕಟ್ಟೊಂದನ್ನು ತರಿಸುತ್ತಿದ್ದರು. ಒಂದೇ ನಾಯಕನ ಮೇಲೆ ಸರಣಿಯಾಗಿ ತೆಗೆದ, ಗಂಟೆಗೆ ಮುಗಿಯುವ, ಕಡಿಮೆ ಖರ್ಚಿನ ಕಪ್ಪುಬಿಳುಪು ಚಿತ್ರಗಳು. ಖರ್ಚು ಎಷ್ಟು ಕಡಿಮೆಯೆಂದರೆ ಕುದುರೆಗಳು ಬೆನ್ನಟ್ಟಿ ಓಡುವಾಗ ಒಂದೇ ಬಂಡೆ ಮತ್ತೆ ಮತ್ತೆ ಹಿಂದೆ ಸರಿಯುತ್ತಿತ್ತು. ಚಿತ್ರದುರ್ಗದ ಕೋಟೆಯ ಬಂಡೆಗಳನ್ನು ಕಂಡಿದ್ದ ನಮಗೆ ಅದು ಗುರುತಿನ ಬಂಡೆಯ ಹಾಗೆಯೇ ಅನಿಸುತ್ತಿತ್ತು. ಜೋಗಿಮಟ್ಟಿ ಗುಡ್ಡದ ಹಿಂದೆ ಎಲ್ಲೋ ಶೂಟಿಂಗ್ ನಡೆದಿದೆ ಎಂದು ನಮ್ಮ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾಯಕ ಎಷ್ಟು ಹೊಡೆದಾಡಿದರೂ ಅವನ ಟೋಪಿ ಬೀಳುತ್ತಿರಲಿಲ್ಲ, ಅಂಗಿಯ ಇಸ್ತ್ರಿ ಕೆಡುತ್ತಿರಲಿಲ್ಲ. ಕೊನೆಯಲ್ಲಿ ನಾಯಕಿ ಬಾಗಿಲಲ್ಲಿ ನಿಂತಿದ್ದರೆ ಅವನು ಕುದುರೆಯ ಕೊರಳು ತಟ್ಟಿ ಹೊರಟುಬಿಡುತ್ತಿದ್ದ. ಈಗ ನೋಡಿದರೆ ನಗು ಬರುತ್ತದೆ. ಆದರೆ ಊರಿನ ಯಾವ ಜಗಳವನ್ನೂ ತನಗೆ ಸಂಬಂಧವಿಲ್ಲ ಎನ್ನದೆ, ಬಗೆಹರಿಸಿದ ಮೇಲೆ ಏನನ್ನೂ ಕೇಳದೆ ಹೋಗಿಬಿಡುವ ಮನುಷ್ಯನನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ. ಕಾಲೇಜಿನ ಸ್ಟಾಫ್ ರೂಮಿನಲ್ಲಂತೂ ಖಂಡಿತ ಇಲ್ಲ.

ಇಂಗ್ಲಿಷ್ ಯಾರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ಪರದೆಯ ಪಕ್ಕದಲ್ಲಿ ಮೈಕು ಹಿಡಿದು ನಂಜಪ್ಪ ಎಂಬಾತ ಕೂರುತ್ತಿದ್ದ. ಅವನಿಗೂ ಇಂಗ್ಲಿಷ್ ಬರುತ್ತಿರಲಿಲ್ಲ ಎಂಬುದು ನನಗೆ ಎಷ್ಟೋ ವರ್ಷದ ಮೇಲೆ ಹೊಳೆಯಿತು. ಎಲ್ಲ ಚಿತ್ರದ ನಾಯಕನಿಗೂ ಅವನು ಜಾನಪ್ಪ ಎಂದೇ ಹೆಸರಿಟ್ಟಿದ್ದ, ನಾಯಕಿ ಮೇರಮ್ಮ. ಎದೆಗೆ ನಕ್ಷತ್ರ ಚುಚ್ಚಿಕೊಂಡವನು ಅಮಲ್ದಾರ. ಜಾನಪ್ಪ ಹೆಂಡದಂಗಡಿಯಲ್ಲಿ ಗ್ಲಾಸು ಎತ್ತಿದರೆ, ನೆಗಡಿಯಾಗಿದೆ, ಕಷಾಯ ಕುಡಿಯುತ್ತಿದ್ದಾನೆ ಎಂದು ಗಂಭೀರವಾಗಿ ವಿವರಿಸುತ್ತಿದ್ದ. ಇವತ್ತಿಗೂ ಆ ಕೌಬಾಯ್ ನನ್ನ ನೆನಪಿನಲ್ಲಿ ಮಾತಾಡುವುದು ಹೊಳಲ್ಕೆರೆ ಕಡೆಯ ಕನ್ನಡವನ್ನೇ: "ಲೇ, ಗನ್ನು ಕೆಳಗಿಡ್ಲೇ, ಮಾತಾಡಾಣ."

ನನ್ನ ಪಕ್ಕದಲ್ಲಿ ಯಾವಾಗಲೂ ತಿಪ್ಪೇಶಿ ಕೂರುತ್ತಿದ್ದ. ಅವರದು ಕುರಿ ಸಾಕುವ ಮನೆತನ. ಸಂತೆಯ ದಿನದ ಆಟಕ್ಕೆ ಅವನ ಅಪ್ಪ, ದೊಡ್ಡಪ್ಪಂದಿರೆಲ್ಲ ಕಂಬಳಿ ಹೊದ್ದು ಬಂದು ಮುಂದಿನ ಸಾಲು ತುಂಬುತ್ತಿದ್ದರು. ಶಾಲೆಯಲ್ಲಿ ತಿಪ್ಪೇಶಿಯ ಪಕ್ಕ ಕೂರುವಾಗ ಕೆಲವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ಕುರಿ ವಾಸನೆ ಎಂದು. ಅವನು ಜಗಳಕ್ಕೆ ಹೋಗದೆ ಕಿಟಕಿಯ ಕಡೆ ಸರಿದು ಕೂರುತ್ತಿದ್ದ. ಆಗ ಬಂದದ್ದು ಈ ಚಿತ್ರ. ಪರದೆಯ ತುಂಬ ಕುರಿಗಳು. ನಮ್ಮ ಜಾನಪ್ಪ ಕುದುರೆಯ ಮೇಲೆ ಅವುಗಳ ಹಿಂದೆ. ನಂಜಪ್ಪನ ದನಿ ಅವತ್ತು ಬೇರೆಯೇ ಆಗಿತ್ತು. ಜಾನಪ್ಪ ಕುರಿ ಕಾಯುವವರ ಮಗ. ಮೀಸೆಯವನೊಬ್ಬ ಕುರಿ ಕದಿಯಲು ಬಂದಿದ್ದಾನೆ. ಅಗೋ ತೋಳ, ಜಾನಪ್ಪ ಗಾಳಿಯಲ್ಲಿ ಗುಂಡು ಹಾರಿಸಿದ. ಮಂದೆಯನ್ನು ಮನೆಗೆ ಹೊಡೆದುಕೊಂಡು ಹೊರಟ. ಆಮೇಲೆ ಹೊಳೆಯ ದಂಡೆಯಲ್ಲಿ ಕುದುರೆಯಿಂದಿಳಿದು ಟೋಪಿ ತೆಗೆದ. "ನೋಡ್ರಪ್ಪ, ಟೋಪಿಯಾಗೆ ಮರಿ ಐತೆ" ಎಂದ ನಂಜಪ್ಪ. ಮುಂದಿನ ಸಾಲಿನ ಕಂಬಳಿಗಳೆಲ್ಲ ಎದ್ದು ನಿಂತವು. ಮಾರನೆಯ ದಿನ ತಿಪ್ಪೇಶಿ ಕಿಟಕಿಯ ಕಡೆ ಸರಿಯಲಿಲ್ಲ. ಬೆಂಚಿನ ನಡುವೆ, ತಲೆಯ ಮೇಲೆ ಟೋಪಿ ಇದ್ದವನ ಹಾಗೆ ಕೂತ. ಮೂಗು ಮುಚ್ಚಿದವರನ್ನು ಕೇಳಿದ: "ಜಾನಪ್ಪನ ಮುಂದೆ ಮುಚ್ತೀರೇನಲೇ?"

ಈಗ ತಿಪ್ಪೇಶಿ ಹೊಸದುರ್ಗ ತಾಲ್ಲೂಕಿನಲ್ಲಿ, ಹಾಲುರಾಮೇಶ್ವರದ ಆಚೆಯ ಹಳ್ಳಿಯಲ್ಲಿ ಇದ್ದಾನೆ. ಇವತ್ತಿಗೂ ಕುರಿ ಇವೆ. ಹೋದ ತಿಂಗಳು ಫೋನು ಮಾಡಿದ್ದ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಚಿತ್ರದುರ್ಗದಲ್ಲಿ ಸೋಮವಾರ ಆಪರೇಷನ್, ಭಾನುವಾರವೇ ಬಂದು ನಿಮ್ಮ ಮನೆಯಲ್ಲಿ ಉಳಿಯುತ್ತೇನೆ ಎಂದ. ಅವನ ದನಿಯಲ್ಲಿ ಹೆದರಿಕೆ ಇತ್ತು. ಅವರ ಕಡೆ ಯಾರಿಗೋ ಆಪರೇಷನ್ ಆದ ಮೇಲೆ ಇದ್ದ ನೋಟವೂ ಹೋಯಿತಂತೆ. ನಾನು ಸಮಾಧಾನ ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ. "ಕಣ್ಣು ಹೋದ್ರೆ ಹೋಗ್ಲಿ ಕಣಪ್ಪ. ಅದಕ್ಕೆ ಮುಂಚೆ ಆ ಟೋಪಿ ಮರಿ ಸಿನ್ಮಾ ಒಂದ್ಸಲ ತೋರ್ಸು. ನಿಮ್ಮನೆ ಟೀವಿಯಾಗೆ ಎಲ್ಲಾ ಸಿಗ್ತೈತಂತಲ್ಲ" ಎಂದ.

ಸಿಕ್ಕಿತು. ನಾಯಕನ ಹೆಸರು, ಚಿತ್ರದ ಹೆಸರು ಏನೂ ಗೊತ್ತಿಲ್ಲದೆ, ಕೌಬಾಯ್ ಮತ್ತು ಕುರಿ ಎಂದು ಹುಡುಕಿ, ಹತ್ತಾರು ಚಿತ್ರಗಳನ್ನು ಅರ್ಧರ್ಧ ನೋಡಿ, ಕೊನೆಗೆ ಶುಕ್ರವಾರ ಅದೇ ಬಂಡೆಯನ್ನು ಹಿಡಿದೆ. ಸಂತೋಷದಿಂದ ಕೂತೆ. ಸ್ವಲ್ಪ ಹೊತ್ತಿಗೆ ಎದ್ದೆ. ಆಮೇಲೆ ನಿಂತುಕೊಂಡೇ ನೋಡಿದೆ. ನಮ್ಮ ಜಾನಪ್ಪ ದನದವರ ಕಡೆಯವನು. ಕುರಿಗಳು ಹುಲ್ಲನ್ನೆಲ್ಲ ಬೇರುಸಹಿತ ತಿಂದು ಹಾಳು ಮಾಡುತ್ತವೆಂದು, ಕುರಿಯವರನ್ನು ಕಣಿವೆಯಿಂದ ಓಡಿಸಲು ಬಂದವನು. ತೋಳವೂ ಇಲ್ಲ, ಏನೂ ಇಲ್ಲ; ಗುಂಡು ಹಾರಿಸಿದ್ದು ಕುರಿಗಳನ್ನು ಬೆದರಿಸಲು. ಮೀಸೆಯವನು ಕಳ್ಳನಲ್ಲ, ಆ ಕುರಿಗಳ ಯಜಮಾನ. ಪಾಪ, ಏಟು ತಿನ್ನುತ್ತಾನೆ. ತೆರೆಯ ಕೆಳಗೆ ಬರುವ ಅಕ್ಷರಗಳಲ್ಲಿ ಜಾನಪ್ಪ ಗೆಳೆಯನಿಗೆ ಹೇಳುತ್ತಾನೆ, ಗಾಳಿ ಈ ಕಡೆ ಬೀಸಿದರೆ ಕುರಿಯವರ ವಾಸನೆ ಒಂದು ಹರದಾರಿ ಮೊದಲೇ ತಿಳಿಯುತ್ತದೆ ಎಂದು. ಕೊನೆಗೆ ಹೊಳೆ ಬಂತು, ಟೋಪಿ ಬಂತು. ಅದರಲ್ಲಿದ್ದದ್ದು ನೀರು. ಕುದುರೆಗೆ ಕುಡಿಸಿದ, ಹತ್ತಿದ, ಹೋದ.

ನಿಲ್ಲಿಸಿ ನೋಡಿದೆ, ಹಿಂದೆ ಸರಿಸಿ ನೋಡಿದೆ. ನೀರೇ. ಹಾಗಾದರೆ ಮರಿಯ ಕಿವಿ, ಅದು ಟೋಪಿಯ ಅಂಚಿಗೆ ಗಲ್ಲ ಇಟ್ಟದ್ದು, ಅದೆಲ್ಲ ನನಗೆ ಎಲ್ಲಿಂದ ಬಂತು? ನಂಜಪ್ಪ ಕಿವಿಯ ವಿಷಯ ಹೇಳಿಯೇ ಇರಲಿಲ್ಲ. ಕಿವಿ ನನ್ನ ಸ್ವಂತದ್ದು. ಇಷ್ಟು ವರ್ಷ ಪ್ರತ್ಯಕ್ಷ ಪ್ರಮಾಣವೆಂದು ಪಾಠ ಮಾಡಿದ್ದೆಲ್ಲ ಒಬ್ಬ ಮೈಕಿನವನ ಮಾತು. ಮೊಲ ಎಂದು ಬರೆದವರ ಅಂಕ ನೆನಪಾಯಿತು.

ಶನಿವಾರ ಗಿರಿಜೆಗೆ ಹೇಳಿದೆ. ತಿಪ್ಪೇಶಿಗೆ ನಿಜ ಹೇಳಲೇಬೇಕು, ಅವನೇನು ಮಗುವಲ್ಲ, ಸುಳ್ಳಿನ ಮೇಲೆ ನಿಂತ ಸಂತೋಷಕ್ಕೆ ಬೆಲೆ ಏನು ಎಂದೆಲ್ಲ ಓಡಾಡುತ್ತ ವಾದಿಸಿದೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. "ನಾಳಿದ್ದು ಕಣ್ಣು ಕೊಯ್ಸಕ್ಕೆ ಹೋಗೋನಿಗೆ ಇದನ್ನ ಹೇಳ್ಬೇಕೇನ್ರಿ? ಸುಮ್ಕೆ ಒಂದ್ಕಡೆ ಕುಂತ್ಕಳ್ರಿ" ಎಂದಳು. ಟೀವಿ ಕೆಟ್ಟಿದೆ ಎಂದುಬಿಡಿ ಎಂಬ ಸಲಹೆಯನ್ನೂ ಕೊಟ್ಟಳು. ಸುಳ್ಳು ಹೇಳುವುದು ನನ್ನ ತತ್ವಕ್ಕೆ ಒಗ್ಗುವುದಿಲ್ಲ ಎಂದೆ.

ಭಾನುವಾರ ತಿಪ್ಪೇಶಿ ಒಗೆದ ಪಂಚೆ, ಹೊಸ ಶರ್ಟು ಹಾಕಿಕೊಂಡು ಬಂದ. ಹೊಸ್ತಿಲ ಹೊರಗೆ ನಿಂತು ತನ್ನ ತೋಳನ್ನು ತಾನೇ ಮೂಸಿ ನೋಡಿಕೊಂಡ. ನಾನು ನೋಡುತ್ತಿದ್ದೇನೆಂದು ಅವನಿಗೆ ಕಾಣುತ್ತಿರಲಿಲ್ಲ. ಆಮೇಲೆ ಒಳಗೆ ಬಂದು, "ಬಸ್ಸಿನಾಗೆ ಈಗ್ಲೂ ಕೆಲವ್ರು ದೂರ ಸರೀತಾರೆ. ನಾನು ಜಾನಪ್ಪನ್ನ ನೆನೆಸ್ಕಂತೀನಿ" ಎಂದು ನಕ್ಕ.

ಟೀವಿಗೆ ತೀರ ಹತ್ತಿರ, ನೆಲದ ಮೇಲೇ ಕೂತ. ಮರಳು ಇದ್ದಿದ್ದರೆ ಚೆನ್ನಾಗಿತ್ತು ಎಂದ. ಅವನಿಗೆ ತೆರೆಯ ಮೇಲೆ ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿಲ್ಲ ಎಂಬುದು ಸ್ವಲ್ಪ ಹೊತ್ತಿಗೇ ನನಗೆ ತಿಳಿಯಿತು. "ಏನ್ ನಡೀತೈತೆ ಹೇಳಪ್ಪ" ಎಂದ. ಗಿರಿಜೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ನನ್ನ ಗಂಟಲಲ್ಲಿ ನಿಜ ಸಿದ್ಧವಾಗಿಯೇ ಇತ್ತು. ಮೊದಲು ಟೀವಿಯ ಶಬ್ದವನ್ನು ಪೂರ್ತಿ ಇಳಿಸಿದೆ. ಯಾಕೆ ಇಳಿಸಿದೆ ಎಂದು ಈಗಲೂ ಹೇಳಲಾರೆ.

"ಜಾನಪ್ಪ ಕುರಿ ಕಾಯ್ತಾ ಇದಾನೆ" ಎಂದೆ.

ಅಲ್ಲಿಂದ ಮುಂದೆ ನನ್ನನ್ನು ತಡೆಯುವವರಿರಲಿಲ್ಲ. ತೋಳ ತಂದೆ. ಮೀಸೆಯವನನ್ನು ಕಳ್ಳ ಮಾಡಿದೆ. ಅಮಲ್ದಾರನಿಗೆ ಎರಡು ಮಾತು ಹೆಚ್ಚಾಗಿಯೇ ಬೈದೆ. ನಡುವೆ ತಿಪ್ಪೇಶಿ ಒಮ್ಮೆ ತಡೆದ. ಮೇರಮ್ಮ ರೊಟ್ಟಿ ಕಟ್ಟಿಕೊಡುವುದನ್ನು ನಾನು ಬಿಟ್ಟುಬಿಟ್ಟೆನಂತೆ, ಅದು ತೋಳಕ್ಕಿಂತ ಮುಂಚೆಯೇ ಬರಬೇಕಂತೆ. "ನಂಜಪ್ಪ ಜೀವ ತುಂಬಿ ಹೇಳ್ತಿದ್ದ. ನಿಂದು ಪಾಠ ಮಾಡ್ದಂಗೈತೆ" ಎಂದ. ಕ್ಷಮೆ ಕೇಳಿ ರೊಟ್ಟಿ ಕಟ್ಟಿಸಿದೆ. ಹೊಳೆ ಬಂತು. ಜಾನಪ್ಪ ಟೋಪಿ ತೆಗೆದ.

"ಟೋಪಿಯಾಗೆ ಮರಿ ಐತಾ?" ಎಂದ ತಿಪ್ಪೇಶಿ.

"ಐತೆ. ಅಂಚಿಗೆ ಗಲ್ಲ ಇಟ್ಕಂಡೈತೆ."

ಅವನು ಮಂಡಿಯ ಮೇಲೆ ಕೈ ಊರಿ ಎದ್ದು ನಿಂತ, ಅವರಪ್ಪ ನಿಂತ ಹಾಗೆ. ಚಿತ್ರ ಮುಗಿದು ತೆರೆ ಕಪ್ಪಾದ ಮೇಲೂ ನಿಂತೇ ಇದ್ದ. ಮಾರನೆಯ ಬೆಳಿಗ್ಗೆ ಆಸ್ಪತ್ರೆಗೆ ಹೋಗುವಾಗ ನನ್ನ ಕೈ ಹಿಡಿಯಲಿಲ್ಲ, ತಾನೇ ಮುಂದೆ ನಡೆದ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನಿನ್ನೆ ತಿಪ್ಪೇಶಿಯ ಫೋನು ಬಂತು. ಆಪರೇಷನ್ ಬಹಳ ಚೆನ್ನಾಗಿ ಆಗಿದೆ. ಕನ್ನಡಕವೂ ಬಂದಿದೆ. ದೂರದ ಗುಡ್ಡದ ಮೇಲಿನ ಕುರಿ ತನ್ನದೋ ಬೇರೆಯವರದೋ ಎಂದು ಕೂತಲ್ಲಿಂದಲೇ ಗೊತ್ತಾಗುತ್ತದಂತೆ. ಬರುವ ಭಾನುವಾರ ಮೊಮ್ಮಕ್ಕಳನ್ನೂ ಕರೆದುಕೊಂಡು ಬರುತ್ತೇನೆ, ಟೋಪಿ ಮರಿಯನ್ನು ಸರಿಯಾಗಿ ಇನ್ನೊಮ್ಮೆ ನೋಡಾಣ ಎಂದ.

ಆಗಿನಿಂದ ನಾನು ಟೀವಿಯ ಮುಂದೆಯೇ ಇದ್ದೇನೆ. ಹೊಳೆಯ ದೃಶ್ಯವನ್ನು ನಿಲ್ಲಿಸಿ, ಹತ್ತಿರದಿಂದ, ದೂರದಿಂದ, ಕನ್ನಡಕ ಹಾಕಿ, ತೆಗೆದು ನೋಡುತ್ತಿದ್ದೇನೆ. ಟೋಪಿಯೊಳಗೆ ಬೆಳ್ಳಗೆ ಏನೋ ಇದೆ. ನೀರಿನ ಮೇಲೆ ಬಿದ್ದ ಬಿಸಿಲು ಇರಬೇಕು. ಆ ಶುಕ್ರವಾರ ನೋಡಿದಾಗ ಅದು ಇಷ್ಟು ಬೆಳ್ಳಗೆ ಇತ್ತೇ ಎಂದು ಖಚಿತವಾಗಿ ಹೇಳಲಾರೆ. ಸಾಕಾಗಿ ಗಿರಿಜೆಯನ್ನೇ ಕರೆದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಬಗ್ಗಿ, ಬಹಳ ಹೊತ್ತು ನೋಡಿದಳು.

"ಮರಿನೇ ಕಣ್ರಿ. ಕಿವಿ ಕಾಣ್ತೈತಲ್ಲ" ಎಂದು ಹೇಳಿ ಒಳಗೆ ಹೋದಳು.

ಹೇಳುವಾಗ ಅವಳು ನಕ್ಕಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಅವಳ ಮುಖ ನೋಡುತ್ತಿರಲಿಲ್ಲ, ಕಿವಿ ಹುಡುಕುತ್ತಿದ್ದೆ.